ಕತೆಯಜ್ಜಿಗೊಂದು ಒತ್ತು

12 ಜೂನ್

ಮಾವ,

ಕ್ಷೇಮ ಸಮಾಚಾರವೆಲ್ಲ ಕೊನೆಯಲ್ಲಿ. ಮೊದಲು ಕೆಲಸದ ಮಾತು.

ನಮ್ಮ ಶಾಲೆಯ ಓದುವ ಕೋಣೆ ನಿನಗೆ ಗೊತ್ತಲ್ಲ, ಮಹಡಿ ಮೆಟ್ಟಿಲ ಪಕ್ಕದ್ದು, ಹೋದ ವರ್ಷ ನಾನು ಬಡಿದಾಡಿ ಪಡೆದದ್ದು. ಗೋಡೆ ತುಂಬ ಪುಸ್ತಕ ಇದೆ, ನೆಲಕ್ಕೆ ಚಾಪೆ ಇದೆ, ದೊಡ್ಡ ಕಿಟಕಿ ಇದೆ. ಮಕ್ಕಳು ಮಾತ್ರ ಇಲ್ಲ. ಬರುವ ಒಬ್ಬಿಬ್ಬರೂ ಪುಸ್ತಕ ತೆರೆದಿಟ್ಟುಕೊಂಡು ಕಿಟಕಿಯಿಂದ ಮೈದಾನ ನೋಡುತ್ತಾರೆ. ನಮ್ಮ ಬ್ಯಾಂಡ್ ಮಾಸ್ತರು ಆ ಕೋಣೆಯ ಮೇಲೆ ಕಣ್ಣಿಟ್ಟಿದ್ದಾರೆ. ಅವರ ಡ್ರಮ್ಮು, ತುತ್ತೂರಿಗಳಿಗೆ ಜಾಗ ಸಾಲದಂತೆ. ಬಾಗಿಲಲ್ಲಿ ನಿಂತು ಕಣ್ಣಲ್ಲೇ ಅಳತೆ ತೆಗೆಯುತ್ತಾರೆ, ನನ್ನನ್ನು ಕಂಡರೆ ಸೀಟಿ ಹೊಡೆಯುತ್ತ ಹೊರಟುಬಿಡುತ್ತಾರೆ.

ಮೊನ್ನೆ ದೊಡ್ಡ ಮೇಡಂ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ನನ್ನನ್ನು ಕರೆಸಿ ಹೇಳಿದರು: "ವಾರ್ಷಿಕೋತ್ಸವದ ಹೊತ್ತಿಗೆ ಆ ಕೋಣೇಲಿ ಮಕ್ಕಳು ಕಾಣಿಸ್ಬೇಕು. ಕಾಣಿಸ್ಲಿಲ್ಲ ಅಂದ್ರೆ ಬ್ಯಾಂಡ್‌ಗೆ ಬಿಟ್ಕೊಡ್ತೀನಿ. ಆಮೇಲೆ ನನ್ನ ಹತ್ರ ಮುಖ ಊದಿಸ್ಕೊಂಡು ಬರ್ಬೇಡ." ನಾನು "ಆಗಲಿ ಮೇಡಂ, ಅಷ್ಟೊತ್ತಿಗೆ ಕೂರಕ್ಕೆ ಜಾಗ ಸಿಗಲ್ಲ ನೋಡ್ತಿರಿ" ಅಂದುಬಿಟ್ಟೆ. ನನ್ನ ಬಾಯಿ ನಿನಗೆ ಗೊತ್ತಿದೆ. ಅಂದಮೇಲೆ ಗೆಲ್ಲಲೇಬೇಕು.

ಉಪಾಯ ಹೊಳೆದಿದೆ. ಮೂಲೆಯ ಕುರ್ಚಿಯಲ್ಲಿ ಒಬ್ಬ ಅಜ್ಜಿಯನ್ನು ಕೂರಿಸುವುದು. ನಿಮ್ಮ ಕಾರ್ಖಾನೆಯಲ್ಲಿ ಅಂಗಡಿ ಕಿಟಕಿಗಳಿಗೆ ಕಾಗದದ ದೊಡ್ಡ ತಲೆಗಳನ್ನು ಮಾಡುತ್ತೀಯಲ್ಲ, ಹಾಗೆಯೇ ಒಂದು ಕತೆಯಜ್ಜಿಯ ತಲೆ ಬೇಕು. ಬಿಳಿ ಕೂದಲು, ಹಿಂದೆ ಗಂಟು, ಮೂಗಿನ ಮೇಲೆ ಕನ್ನಡಕ. ಅವಳ ಹಿಂದೆ ನಾನು ಬಚ್ಚಿಟ್ಟುಕೊಂಡು ಓದುತ್ತೇನೆ. ಅಜ್ಜಿ ಕತೆ ಹೇಳುತ್ತಿದ್ದಾಳೆ ಎಂದುಕೊಂಡು ಮಕ್ಕಳು ಬಂದು ಕೂರುತ್ತಾರೆ. ಮನುಷ್ಯರು ತಲೆಗೆ ಹಾಕಿಕೊಳ್ಳುವ ಹಾಗೂ ಇರಲಿ, ಮುಂದೆ ನಾಟಕಕ್ಕೆ ಬೇಕಾದೀತು.

ಇಲ್ಲಿ ಎಲ್ಲ ಚೆನ್ನಾಗಿದೆ. ನೀನು ಹೇಗಿದ್ದೀ ಎಂದು ಈ ಸಲವಾದರೂ ಬರಿ.

ನಿನ್ನ ಪಟಾಕಿ


3 ಜುಲೈ

ಪಟಾಕಿ,

ನಿನ್ನ ಕಾಗದ ಓದಿ ಮುಗಿಸುವಷ್ಟರಲ್ಲಿ ಲೋಟದಲ್ಲಿದ್ದ ಚಹಾ ತಣ್ಣಗಾಯಿತು. ಭಾಷೆ ಕಲಿಸುವ ಮೇಡಂ ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಮಕ್ಕಳು ಓದುವ ಕೋಣೆ ಬಿಟ್ಟು ಓಡದೆ ಏನು ಮಾಡುತ್ತಾರೆ?

ನೀನು ಕೇಳಿದ್ದನ್ನು ಮಾಡಿಕೊಡುತ್ತೇನೆ. ಏಕೆ ಎಂದು ಕೇಳುವುದಿಲ್ಲ. ಚಿಕ್ಕವಳಿದ್ದಾಗ ಮೀಸೆ ಇರುವ ಚಂದ್ರ ಬೇಕೆಂದು ನೀನು ಹಟ ಹಿಡಿದಾಗಲೂ ನಾನು ಕೇಳಿರಲಿಲ್ಲ. ಇಲ್ಲಿ ಜೊತೆಯವರಿಗೆ ಹೇಳಿದೆ, "ನಿಮ್ಮ ಸೊಸೆ ತಲೆ ಸರಿಯಾಗಿದೆಯಾ?" ಅಂತ ನಗಾಡಿದರು. ನಗಲಿ. ಇಷ್ಟು ವರ್ಷದಲ್ಲಿ ಇಂಥದ್ದನ್ನು ಕೇಳಿದವಳು ನೀನೊಬ್ಬಳೇ.

ಕಿವಿಯ ಬಗ್ಗೆ ನೀನು ಒಂದಕ್ಷರ ಬರೆದಿಲ್ಲ. ಅವಳ ಗತ್ತೆಲ್ಲ ಇರುವುದೇ ಕಿವಿಯಲ್ಲಿ. ಒಳಗೆ ತಂತಿ ಇಟ್ಟು ದಾರ ಕಟ್ಟುತ್ತೇನೆ. ದಾರ ಎಳೆದರೆ ಕಿವಿ ಎದ್ದು ನಿಲ್ಲುತ್ತದೆ, ಬಿಟ್ಟರೆ ಜೋತುಬೀಳುತ್ತದೆ.

ನಾನು ಚೆನ್ನಾಗಿದ್ದೇನೆ.

ಮಾವ


11 ಜುಲೈ

ಮಾವ,

"ನಾನು ಚೆನ್ನಾಗಿದ್ದೇನೆ" ಎಂಬ ಎರಡು ಶಬ್ದಕ್ಕೆ ಒಂದಿಡೀ ಹಾಳೆ ಖರ್ಚು ಮಾಡಿದ್ದೀಯಲ್ಲ, ಇದೇನು ಹೊಸ ಶೋಕಿ? ಬಣ್ಣದ ಕುಂಚದಲ್ಲಿ ಬೆರಳುದ್ದದ ಅಕ್ಷರ, ಹಾಳೆಗೆ ನಾಲ್ಕು ಸಾಲು. ನನ್ನ ಕೋಳಿ ಅಕ್ಷರವನ್ನು ಅಣಕಿಸುವುದಕ್ಕೇ ಹೀಗೆ ಬರೆದಿದ್ದೀ ಎಂದು ನನಗೆ ಗೊತ್ತು.

ಅಜ್ಜಿಯ ಕಿವಿ ಎದ್ದು ನಿಲ್ಲುವುದೇಕೆ ಎಂದು ತಿಳಿಯಲಿಲ್ಲ. ಕಿವಿ ಮಂದವಾದ ಅಜ್ಜಿ ಇರಬೇಕು ಎಂದುಕೊಂಡೆ. ಇರಲಿ, ನಿನ್ನ ಕೆಲಸದಲ್ಲಿ ಮೂಗು ತೂರಿಸುವುದಿಲ್ಲ. ಬೇಗ ಕಳಿಸು. ಬ್ಯಾಂಡ್ ಮಾಸ್ತರು ನಿನ್ನೆ ಒಂದು ತುತ್ತೂರಿಯನ್ನು "ಒಂದೇ ಒಂದು ದಿನಕ್ಕೆ" ಎಂದು ನಮ್ಮ ಕಪಾಟಿನ ಮೇಲೆ ಇಟ್ಟುಹೋಗಿದ್ದಾರೆ. ಮೊದಲು ತುತ್ತೂರಿ ಬರುತ್ತದೆ, ಹಿಂದೆಯೇ ಡ್ರಮ್ಮು ಬರುತ್ತದೆ.

ಮತ್ತೆ, ಫೋನ್ ಎತ್ತುವುದಿಲ್ಲ ಎಂಬ ವ್ರತ ಇನ್ನೂ ಮುಗಿದಿಲ್ಲವೇ?

ಪಟಾಕಿ


30 ಜುಲೈ

ಪಟಾಕಿ,

ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಅನ್ನುತ್ತೇನೆ. ಕಾಗದದಲ್ಲಿ ಮಾತ್ರ ನನಗೂ ಸರದಿ ಸಿಗುತ್ತದೆ.

ನಿನ್ನ ಕತ್ತೆಯಜ್ಜಿ ಇವತ್ತು ಹೊರಟಿದ್ದಾಳೆ. ಪೆಟ್ಟಿಗೆಯನ್ನು ಮೆಲ್ಲಗೆ ತೆರೆಸು, ಕಿವಿ ಜೋಪಾನ. ಹಳೆ ಪತ್ರಿಕೆ ಪದರ ಪದರವಾಗಿ ಅಂಟಿಸಿದ್ದು, ತೂಕ ಇಲ್ಲ, ಗಟ್ಟಿ ಮಾತ್ರ ಇದ್ದಾಳೆ. ಬಿಳಿ ಉಣ್ಣೆಯ ಕೂದಲು, ಹಿಂದೆ ಗಂಟು, ನೀನು ಹೇಳಿದ ಹಾಗೇ. ಕನ್ನಡಕ ನನ್ನದೇ ಹಳೆಯದು. ನನಗೆ ಅದರಿಂದ ಇನ್ನು ಉಪಯೋಗ ಇಲ್ಲ, ಅವಳಾದರೂ ಹಾಕಿಕೊಳ್ಳಲಿ.

ಮಾವ


7 ಆಗಸ್ಟ್

ಮಾವ,

ಬಂದಳು. ಪೆಟ್ಟಿಗೆ ತೆರೆದಾಗ ಒಂದು ಗಳಿಗೆ ನನಗೆ ಮಾತೇ ಹೊರಡಲಿಲ್ಲ. ಅದೆಷ್ಟು ಅಪರೂಪ ಎಂದು ನಿನಗೆ ಗೊತ್ತು. ನಾನು ಕೇಳಿದ್ದಕ್ಕಿಂತ ಹೆಚ್ಚೇ ಕಳಿಸಿದ್ದೀ. ಅಷ್ಟು ಹೇಳಬಲ್ಲೆ.

ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಸುತ್ತ ನಿಂತಿದ್ದರು. ಬೂದು ಬಣ್ಣದ ಉದ್ದ ಮೂತಿ, ಅದರ ಮೇಲೆ ಕನ್ನಡಕ, ಹಿಂದೆ ಬಿಳಿ ಕೂದಲ ಗಂಟು, ಎರಡು ಮೊಳದ ಕಿವಿ. ಬ್ಯಾಂಡ್ ಮಾಸ್ತರು ಮೂಗಿನ ತುದಿಯಿಂದ ಕಿವಿಯ ತುದಿಯವರೆಗೂ ನೋಡಿ, "ಮೇಡಂ, ಇದು ನಮ್ಮಲ್ಲಿ ಯಾರ ಹಾಗಿದೆ ಅಂತ ಯೋಚಿಸ್ತಿದ್ದೀನಿ" ಅಂದರು. "ಕನ್ನಡಿ ತರಿಸ್ಲಾ ಸಾರ್?" ಅಂದೆ.

ತಲೆಯನ್ನು ಕುರ್ಚಿಯಲ್ಲಿ ಕೂರಿಸಿ, ಕೆಳಗೆ ನನ್ನ ಹಳೆ ಕೋಟಿಗೆ ಹತ್ತಿ ತುಂಬಿಸಿಟ್ಟೆ. ಊಟದ ಬಿಡುವಿನಲ್ಲಿ ಮಕ್ಕಳು ಇಣುಕಿದರು. "ಇದ್ಯಾರು ಮೇಡಂ?" ಎಂದು ಒಬ್ಬಳು ಕೇಳಿದಳು. ಬೇರೇನು ಹೇಳಲಿ, "ಕತ್ತೆಯಜ್ಜಿ" ಅಂದೆ. "ಕತೆ ಹೇಳ್ತಾಳಾ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದವನು ಅಂದ, "ಕತ್ತೆಗೆ ಓದಕ್ಕೆ ಎಲ್ಲಿ ಬರುತ್ತೆ? ನಾವೇ ಓದಿ ಹೇಳ್ಬೇಕು ಅಷ್ಟೆ." ಹೇಳಿದವನೇ ಒಂದು ಪುಸ್ತಕ ಎಳೆದುಕೊಂಡು ಅವಳ ಮುಂದೆ ಕೂತ. ಇನ್ನೊಬ್ಬಳು ದಾರ ಹಿಡಿದಳು. ಅವನು ಓದುತ್ತಿದ್ದಂತೆ ಕಿವಿ ಎದ್ದಿತು. ಮಾವ, ಆಮೇಲೆ ಸಾಲು ನಿಂತಿತು. ಓದುವ ಕೋಣೆಗೆ ಸಾಲು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

ನಾನು ಹಿಂದೆ ಬಚ್ಚಿಟ್ಟುಕೊಂಡು ಓದುವುದು ಬೇಕಾಗಲೇ ಇಲ್ಲ.

ಒಂದು ಕಣ್ಣು ಇನ್ನೊಂದಕ್ಕಿಂತ ಮೇಲೆ ಇದೆಯಲ್ಲ, ಅದು ನಿನ್ನ ತುಂಟತನ ಎಂದು ಗೊತ್ತಾಯಿತು. ಏನು ಓದಿದರೂ "ಹೌದಾ, ನಿಜವಾ?" ಎನ್ನುವ ಹಾಗೆ ನೋಡುತ್ತಾಳೆ. ಮಕ್ಕಳಿಗೆ ಅದೇ ಇಷ್ಟ.

ಪಟಾಕಿ


26 ಆಗಸ್ಟ್

ಪಟಾಕಿ,

ಹೌದು, ಕಣ್ಣು ಬೇಕೆಂದೇ ಹಾಗೆ ಇಟ್ಟದ್ದು.

ನಿನಗೆ ಬೇಕಾದದ್ದು ಸಿಕ್ಕಿತಲ್ಲ, ಸಂತೋಷ. ಇಲ್ಲಿ ನಗಾಡಿದವರಿಗೆಲ್ಲ ನಿನ್ನ ಸಾಲಿನ ಸಮಾಚಾರ ಹೇಳಿ ಬಾಯಿ ಮುಚ್ಚಿಸಿದೆ. ಬಣ್ಣದ ಕೆಲಸ ಈಗ ಬೇರೆಯವರಿಗೆ ಬಿಟ್ಟಿದ್ದೇನೆ. ಅಂಟು, ಪದರ, ಆಕಾರ ಇಷ್ಟು ಮಾತ್ರ ನನ್ನದು. ವಯಸ್ಸಾದಮೇಲೆ ಎಲ್ಲವನ್ನೂ ನಾನೇ ಮಾಡುತ್ತೇನೆ ಎನ್ನಬಾರದು.

ಕಾಗದ ಸ್ವಲ್ಪ ಚಿಕ್ಕದಾಗಿ ಬರಿ. ಅಕ್ಷರ ಅಲ್ಲ, ಕಾಗದ.

ಮಾವ


15 ಸೆಪ್ಟೆಂಬರ್

ಮಾವ,

ಚಿಕ್ಕದಾಗಿ ಬರಿ ಎಂದೆ, ಬೇಜಾರಾಯಿತು. ನನ್ನ ಕಾಗದಗಳು ನಿನಗೆ ಭಾರವಾದವೇ? ಆದರೂ ಆದಷ್ಟು ಚಿಕ್ಕದಾಗಿ ಹೇಳುತ್ತೇನೆ.

ಒಂದು. ಕೋಣೆ ತುಂಬುತ್ತಿದೆ. ತುತ್ತೂರಿ ವಾಪಸ್ ಹೋಗಿದೆ.

ಎರಡು. ಒಬ್ಬಳು ಹುಡುಗಿ ಇದ್ದಾಳೆ, ಎಲ್ಲರೂ ಪಿಸುಮಾತು ಎಂದು ಕರೆಯುತ್ತಾರೆ. ಅವಳ ಧ್ವನಿ ಅವಳ ತುಟಿ ದಾಟಿ ಬಂದದ್ದನ್ನು ಯಾರೂ ಕೇಳಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಾಳೆ. ಓದುವಾಗ ತುಟಿ ಮಾತ್ರ ಅಲ್ಲಾಡುತ್ತದೆ, ಒತ್ತಕ್ಷರ ಬಂದರೆ ಅದೂ ನಿಂತುಬಿಡುತ್ತದೆ, ಯಾರಾದರೂ ನಕ್ಕಾರು ಎಂಬ ಭಯ. ಈಗ ದಿನಾ ದಾರ ಹಿಡಿಯುವವರೊಬ್ಬರನ್ನು ಬಿಟ್ಟು ಎಲ್ಲರೂ ಹೋದಮೇಲೆ ಬಂದು ಅಜ್ಜಿಯ ಕಿವಿಗೆ ಬಾಯಿ ಇಟ್ಟು ಏನೋ ಓದುತ್ತಾಳೆ. ದಾರ ಹಿಡಿದವರಿಗೆ ಏನೂ ಕೇಳಿಸುವುದಿಲ್ಲ, ಹಾಗಾಗಿ ಕಿವಿ ಏಳುವುದೇ ಇಲ್ಲ. ಪಾಪ, ತಾನು ಓದಿದ್ದು ಅಜ್ಜಿಗೆ ಹಿಡಿಸಲಿಲ್ಲ ಎಂದುಕೊಂಡು ಹೋಗುತ್ತಾಳೆ.

ಮೂರು. ಎಡಗಿವಿ ಕಿತ್ತುಬಂದಿದೆ. ಎಳೆದದ್ದು ಹೆಚ್ಚಾಯಿತು. ಅಜ್ಜಿ ಕಿವಿ ಡಾಕ್ಟರ ಹತ್ತಿರ ಹೋಗುತ್ತಿದ್ದಾಳೆ ಎಂದು ಮಕ್ಕಳಿಗೆ ಹೇಳಿದ್ದೇನೆ. ಡಾಕ್ಟರು ಅಂದರೆ ನೀನು. ಎಲ್ಲರೂ ಡಾಕ್ಟರಿಗೆ ಪೆನ್ಸಿಲಿನಲ್ಲಿ ಒಂದೊಂದು ಚೀಟಿ ಬರೆದು ತಲೆಯೊಳಗೆ ತುಂಬಿದ್ದಾರೆ. ಓದಿ, ಯಾವುದು ಇಷ್ಟವಾಯಿತು ಎಂದು ಬರಿ. ನಿನ್ನ ಉತ್ತರವನ್ನು ಕೋಣೆಯಲ್ಲಿ ಗಟ್ಟಿಯಾಗಿ ಓದುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಪಟಾಕಿ


9 ಅಕ್ಟೋಬರ್

ಪಟಾಕಿ,

ಕಿವಿ ಈಗ ಇನ್ನೊಂದು ಅಜ್ಜಿಯ ಕಾಲದವರೆಗೂ ಬಾಳುತ್ತದೆ. ಕಳಿಸಿದ್ದೇನೆ.

ಮಕ್ಕಳ ಚೀಟಿಗಳೆಲ್ಲ ಚೆನ್ನಾಗಿದ್ದವು. ಎಲ್ಲರೂ ಮುದ್ದಾಗಿ ಬರೆದಿದ್ದಾರೆ. ಅದರಲ್ಲೂ ಮಳೆಯ ಬಗ್ಗೆ ಬರೆದದ್ದು ನನಗೆ ಬಹಳ ಇಷ್ಟವಾಯಿತು. ಎಲ್ಲರಿಗೂ ಹೇಳು.

ಮಾವ


14 ಅಕ್ಟೋಬರ್

ಮಾವ,

ನಿನ್ನ ಉತ್ತರವನ್ನು ಮಕ್ಕಳ ಮುಂದೆ ನಿಂತು ಓದಿದೆ. "ಮಳೆ ಬಗ್ಗೆ ಯಾರು ಬರ್ದಿದ್ದು?" ಎಂದು ಅವರೇ ಒಬ್ಬರನ್ನೊಬ್ಬರು ಕೇಳಿಕೊಂಡರು. ಯಾರೂ ಬರೆದಿರಲಿಲ್ಲ. ಎಲ್ಲ ಚೀಟಿ ನಾನು ನೋಡಿಯೇ ತುಂಬಿಸಿದ್ದು, ಮಾವ. ಕಿವಿಗೆ ಔಷಧಿ ಹಾಕಿ ಎಂದಿತ್ತು, ಅಜ್ಜಿಗೆ ಚಳಿ ಆದರೆ ಟೋಪಿ ಹಾಕಿ ಎಂದಿತ್ತು, ನಿಮ್ಮ ಊರಲ್ಲಿ ಕತ್ತೆಗಳು ಶಾಲೆಗೆ ಹೋಗುತ್ತವಾ ಎಂದಿತ್ತು. ಮಳೆ ಎಲ್ಲೂ ಇರಲಿಲ್ಲ. ಎಲ್ಲರೂ ಮುದ್ದಾಗಿ ಬರೆದಿದ್ದಾರೆ ಎಂದೆಯಲ್ಲ, ಒಬ್ಬಳು ಏನೂ ಬರೆದಿರಲೇ ಇಲ್ಲ. ಅದೂ ನಿನ್ನ ಕಣ್ಣಿಗೆ ಬೀಳಲಿಲ್ಲ.

ನೀನು ಓದಿಲ್ಲ. ಓದದೆ ಹೊಗಳಿದ್ದೀ. ಪುರುಸೊತ್ತು ಇಲ್ಲ ಎಂದಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ನಾನಿಲ್ಲಿ ಓದಿ ಓದಿ ಎಂದು ಊರೆಲ್ಲ ಸಾರುತ್ತಿದ್ದೇನೆ, ನನ್ನ ಸ್ವಂತ ಮಾವ ಮಕ್ಕಳ ನಾಲ್ಕು ಸಾಲು ಓದಲಿಲ್ಲ. "ಡಾಕ್ಟರ್ ಅವಸರದಲ್ಲಿದ್ರು" ಎಂದು ಸುಳ್ಳು ಹೇಳಿ ಪಾರಾದೆ. ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ಸಹಿ ಹಾಕುವುದಕ್ಕೂ ಮನಸ್ಸಿಲ್ಲ.


8 ನವೆಂಬರ್

ಪಟಾಕಿ,

ನೀನು ಬಯ್ದದ್ದು ಸರಿ. ಓದಲಿಲ್ಲ. ಓದಲಾಗಲಿಲ್ಲ.

ಕಣ್ಣು ಹೋಗುತ್ತಿದೆ. ನೇರವಾಗಿ ನೋಡಿದ ಕಡೆ ಹೊಗೆ ಕೂತ ಹಾಗೆ ಇರುತ್ತದೆ, ಸುತ್ತಲಿನದು ಕಾಣುತ್ತದೆ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಅವರ ಕಿವಿ ಕಾಣುತ್ತದೆ. "ಇದು ಹಿಂದಕ್ಕೆ ಬರಲ್ಲ, ಪೂರ್ತಿ ಕತ್ತಲೆನೂ ಆಗಲ್ಲ, ಕನ್ನಡಕದಿಂದ ಏನೂ ಪ್ರಯೋಜನ ಇಲ್ಲ" ಅಂದರು ಡಾಕ್ಟರು. ಅದಕ್ಕೇ ಕನ್ನಡಕ ಅಜ್ಜಿಗೆ ಹೋದದ್ದು. ಅವಳ ಕಣ್ಣು ಮೇಲೆ ಕೆಳಗೆ ಆದದ್ದು ತುಂಟತನ ಅಲ್ಲ. ಬಣ್ಣದ ಕೆಲಸ ನಾನು ಬಿಟ್ಟದ್ದಲ್ಲ, ಬಿಡಿಸಿದರು.

ನಿನ್ನ ಕಾಗದ ಬಂದರೆ ಬಿಸಿಲಿಗೆ ಹಿಡಿದು, ಭೂತಗನ್ನಡಿ ಇಟ್ಟು, ಓರೆಗಣ್ಣಿನಲ್ಲಿ ಒಂದೊಂದೇ ಶಬ್ದ ಹಿಡಿಯುತ್ತೇನೆ. ನನ್ನ ಉತ್ತರ ಪ್ರತಿ ಸಲ ವಾರಗಟ್ಟಲೆ ತಡವಾಗುತ್ತದಲ್ಲ, ಅದು ಬರೆಯುವುದಕ್ಕಲ್ಲ, ಓದುವುದಕ್ಕೆ. ಚಿಕ್ಕದಾಗಿ ಬರಿ ಎಂದದ್ದೂ ಅದಕ್ಕೇ. ನಿನ್ನ ಕಾಗದ ನನಗೆ ಭಾರ ಎಂದುಕೊಂಡೆಯಾ, ಹುಚ್ಚಿ. ಮಕ್ಕಳ ಪೆನ್ಸಿಲು ಮಾತ್ರ ಯಾವ ಬಿಸಿಲಿಗೂ ಕಾಣಲಿಲ್ಲ. ಪಕ್ಕದವರ ಹತ್ತಿರ ಓದಿಸಬಹುದಿತ್ತು. ಕೇಳುವುದಕ್ಕೆ ನಾಚಿಕೆಯಾಯಿತು. ಮಕ್ಕಳು ಅಂದರೆ ಯಾರಾದರೊಬ್ಬರು ಮಳೆಯ ಬಗ್ಗೆ ಬರೆದೇ ಬರೆದಿರುತ್ತಾರೆ ಎಂದು ಅಂದಾಜಿನ ಮೇಲೆ ಹೊಡೆದೆ. ಗುರಿ ತಪ್ಪಿತು.

ನಿನಗೆ ಏಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ಮೊದಲ ರೈಲಿಗೇ ಬಂದು ನನ್ನ ಗಂಟುಮೂಟೆ ಕಟ್ಟಿಸುತ್ತಿದ್ದೆ. ನಿನ್ನ ಮನೆಯಲ್ಲಿ ಮೂಲೆ ಹಿಡಿದು ಕೂತು, ಊಟಕ್ಕೆ ಯಾವಾಗ ಕರೆಯುತ್ತಾರೆ ಎಂದು ಕಾಯುವ ಮುದುಕ ಆಗುವುದು ನನಗೆ ಬೇಡ. ಕೈಯಲ್ಲಿ ಕೆಲಸ ಇಲ್ಲದೆ ಎಲ್ಲಿಗೂ ಬರುವುದಿಲ್ಲ. ಅದನ್ನು ಈಗಲೇ ಹೇಳಿಬಿಟ್ಟಿದ್ದೇನೆ.

ಇನ್ನೊಂದು ಮಾತು. ಚೀಟಿ ಕಾಣದಿದ್ದರೂ ಎಲ್ಲದರ ಮೇಲೂ ಬೆರಳು ಆಡಿಸಿದೆ. ಮಕ್ಕಳು ಪೆನ್ಸಿಲು ಒತ್ತಿ ಬರೆಯುತ್ತಾರೆ, ಬೆನ್ನ ಕಡೆ ಉಬ್ಬು ಸಿಗುತ್ತದೆ. ಒಂದು ಚೀಟಿಯಲ್ಲಿ ಮಾತ್ರ ಬೆರಳಿಗೆ ಏನೂ ತಾಗಲಿಲ್ಲ. ನಾಲ್ಕು ಮೂಲೆ ಸರಿಯಾಗಿ ಮಡಿಸಿತ್ತು, ಒಳಗೆ ನುಣ್ಣಗೆ. ಖಾಲಿ ಹಾಳೆಯನ್ನು ಇಷ್ಟು ಜೋಪಾನವಾಗಿ ಮಡಿಸಿದವರು ಯಾರು? ಅಷ್ಟರಲ್ಲಿ ನಾನು ಪೂರ್ತಿಯಾಗಿ ಓದಿದ್ದು ಅದೊಂದನ್ನೇ. ಅದನ್ನು ಇಟ್ಟುಕೊಂಡಿದ್ದೇನೆ.

ಮಾವ


13 ನವೆಂಬರ್

ಮಾವ,

ಇನ್ನು ಮೇಲೆ ನಾನೂ ಕುಂಚದಲ್ಲೇ ಬರೆಯುತ್ತೇನೆ. ಹಾಳೆಗೆ ನಾಲ್ಕು ಸಾಲು.

ಅತ್ತುಬಿಟ್ಟೆ. ಚೆನ್ನಾಗಿ ಅತ್ತೆ. ಬಯ್ದದ್ದಕ್ಕೆ ಅತ್ತೆ, ನೀನು ಬಿಸಿಲಿನಲ್ಲಿ ನಿಂತು ನನ್ನ ಕೋಳಿ ಅಕ್ಷರ ಹೆಕ್ಕುವುದನ್ನು ನೆನೆದು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಬಂದು ಇದನ್ನು ಬರೆಯಲು ಕೂತೆ.

ಆ ಖಾಲಿ ಹಾಳೆ ಪಿಸುಮಾತಿನದು. ನೀನು ಅದೊಂದನ್ನೇ ಓದಿದೆ ಎಂದು ಅವಳಿಗೆ ಹೇಳಿದೆ. "ನಿಜವಾಗ್ಲೂ?" ಎಂದು ಕೇಳಿದಳು, ಮಾವ. ನನಗೆ ಕೇಳಿಸಿತು.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಜೂನ್ ತಿಂಗಳ ನನ್ನ ಕಾಗದ ಇಟ್ಟಿದ್ದರೆ ತೆಗೆದು ನೋಡು. ನಾನು ಬರೆದದ್ದು ಕತೆಯಜ್ಜಿ. ಕ, ತೆ. ತ ಕೆಳಗೆ ಒತ್ತು ಇಲ್ಲ. ನಾನು ಕೇಳಿದ್ದು ಕತೆ ಹೇಳುವ ಅಜ್ಜಿ, ನೀನು ಕಳಿಸಿದ್ದು ಕನ್ನಡಕ ಹಾಕಿದ ಕತ್ತೆ. ಪೆಟ್ಟಿಗೆ ತೆರೆದಾಗ ಮಾತು ಹೊರಡದಿದ್ದದ್ದು ಅದಕ್ಕೇ. ತಪ್ಪು ನನ್ನ ಅಕ್ಷರದ್ದು ಎಂದುಕೊಂಡೆ. ಹೇಳಿದರೆ ನಿನಗೆ ಬೇಜಾರು ಎಂದು ಸುಮ್ಮನಾದೆ. ಆದರೆ ಕೇಳು, ಕತೆಯಜ್ಜಿ ಬಂದಿದ್ದರೆ ನಾನು ಓದುತ್ತಿದ್ದೆ, ಮಕ್ಕಳು ಎರಡು ದಿನ ಕೇಳಿ ಮೈದಾನಕ್ಕೆ ಓಡುತ್ತಿದ್ದರು. ಕತ್ತೆಯಜ್ಜಿ ಬಂದದ್ದರಿಂದ ಅವರೇ ಓದುತ್ತಿದ್ದಾರೆ.

ಈಗ ಕೆಲಸದ ಮಾತು. ಡಿಸೆಂಬರಿನಲ್ಲಿ ವಾರ್ಷಿಕೋತ್ಸವ. ವೇದಿಕೆಯ ಮೇಲೆ ಅಜ್ಜಿ ಕೂರುತ್ತಾಳೆ, ಮಕ್ಕಳು ಅವಳಿಗೆ ಓದಿ ಹೇಳುತ್ತಾರೆ. ಪಿಸುಮಾತು ತಾನೂ ಓದುತ್ತೇನೆ ಎಂದು ಚೀಟಿ ಬರೆದುಕೊಟ್ಟಿದ್ದಾಳೆ. ದೊಡ್ಡ ಮೇಡಂ ತೀರ್ಮಾನ ಮಾಡುವುದೂ ಅದನ್ನು ನೋಡಿಯೇ. "ಆಟಕ್ಕೆ ಬಂದ ಮಕ್ಕಳು ನಾಳೆ ಆಟ ಮುಗಿಸಿ ಹೋಗ್ತಾರೆ. ಓದಿದ್ದನ್ನ ನಾನು ಕಿವಿಯಾರೆ ಕೇಳ್ಬೇಕು" ಅಂದಿದ್ದಾರೆ. ದಾರ ಜನಕ್ಕೆ ಕಾಣಬಾರದು, ಅದಕ್ಕೆ ತಲೆಯೊಳಗೆ ಒಬ್ಬರು ಬೇಕು. ನಮ್ಮ ಶಿಕ್ಷಕರೆಲ್ಲ ಹಾಕಿ ನೋಡಿದರು, "ಒಳಗೆ ಏನೂ ಕಾಣಲ್ಲ" ಎಂದು ತೆಗೆದುಬಿಟ್ಟರು. ಪಿಸುಮಾತಿನ ಧ್ವನಿ ಅವರಿಗಂತೂ ಕೇಳಿಸುವುದೇ ಇಲ್ಲ. ನನಗೆ ಬೇಕಾಗಿರುವುದು ಕಣ್ಣಲ್ಲ, ಕಿವಿ. ಇದು ಕನಿಕರ ಅಲ್ಲ. ಬರುತ್ತೀಯಾ?

ಪಟಾಕಿ


24 ನವೆಂಬರ್

ಪಟಾಕಿ,

ಜೂನ್ ಕಾಗದ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಒತ್ತು ಇಲ್ಲ. ನಾನು ಒತ್ತು ಎಂದುಕೊಂಡದ್ದು ಕಾಗದದ ಮಡಿಕೆ. ನಿನ್ನ ಅಕ್ಷರಕ್ಕೆ ಮೊದಲ ಸಲ ಕ್ಷಮೆ ಕೇಳುತ್ತಿದ್ದೇನೆ.

ಕತ್ತೆಗೆ ಅಜ್ಜಿಯ ಕೂದಲು ಏಕೆ, ಕನ್ನಡಕ ಏಕೆ ಎಂದು ಎಷ್ಟು ತಲೆ ಕೆಡಿಸಿಕೊಂಡಿದ್ದೆ ಗೊತ್ತೇ? ಈಗಿನ ಶಾಲೆಗಳಲ್ಲಿ ಹೀಗೇ ಇರಬೇಕು ಎಂದುಕೊಂಡೆ. ಓದಿ ನಕ್ಕು ನಕ್ಕು ಕೆಮ್ಮು ಬಂತು. ನೀನು ಇಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನು ಮಾತ್ರ ನಂಬಲು ಆಗುತ್ತಿಲ್ಲ.

ಬರುತ್ತೇನೆ. ಕೆಲಸ ಮುಗಿದ ಮಾರನೇ ದಿನ ವಾಪಸ್. ಗಂಟುಮೂಟೆಯ ಮಾತು ಎತ್ತಬಾರದು.

ಮಾವ


22 ಡಿಸೆಂಬರ್

ಮಾವ,

ಗಂಟುಮೂಟೆಯ ಮಾತು ಎತ್ತಬಾರದು ಎಂದಿದ್ದೆ, ಎತ್ತಲಿಲ್ಲ. ರೈಲು ಹತ್ತಿಸಿ ಕೈ ಬೀಸಿದೆ. ಈಗ ನೀನು ಅಲ್ಲಿ, ನಾನು ಇಲ್ಲಿ. ಕಾಗದದಲ್ಲಿ ಎತ್ತಬಾರದು ಎಂದು ನೀನು ಹೇಳಿರಲಿಲ್ಲ.

ಮೊದಲು, ತಲೆಯೊಳಗಿದ್ದ ನಿನಗೆ ಕಾಣದ್ದನ್ನು ಹೇಳುತ್ತೇನೆ. ಸಭಾಂಗಣ ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ಬೇರೆ ಮಕ್ಕಳೆಲ್ಲ ಓದಿದರು, ನಿನ್ನ ಕಿವಿ ಎದ್ದಿತು, ಚಪ್ಪಾಳೆ ಬಿತ್ತು, ಎಲ್ಲ ಸರಿ. ಕೊನೆಗೆ ಪಿಸುಮಾತು ಬಂದಳು. ತುಟಿ ಅಲ್ಲಾಡಿತು, ಏನೂ ಕೇಳಿಸಲಿಲ್ಲ. ಹಿಂದಿನ ಸಾಲುಗಳಲ್ಲಿ ಗುಸುಗುಸು ಶುರುವಾಯಿತು. ದೊಡ್ಡ ಮೇಡಂ ಗಡಿಯಾರ ನೋಡಿಕೊಂಡರು. ಆಗ ನಿನ್ನ ಕಿವಿ ಒಂದು ಚೂರು ಎದ್ದಿತು. ಅವಳು ಅದನ್ನು ನೋಡಿದಳು. ಸ್ವಲ್ಪ ಗಟ್ಟಿಯಾದಳು, ಕಿವಿ ಇನ್ನೂ ಸ್ವಲ್ಪ ಎದ್ದಿತು. ಧ್ವನಿ ತಗ್ಗಿದರೆ ಕಿವಿಯೂ ಬೀಳುತ್ತಿತ್ತು. ಅವಳಿಗೆ ಜನರೆಲ್ಲ ಮರೆತುಹೋದರು, ಆ ಕಿವಿಯನ್ನು ಎತ್ತಿ ನಿಲ್ಲಿಸುವುದೇ ಅವಳ ಕೆಲಸವಾಯಿತು. ಬ್ಯಾಂಡ್ ಮಾಸ್ತರು ತಮ್ಮ ಹುಡುಗರ ಕಡೆ ತಿರುಗಿ "ಶ್, ಸುಮ್ನಿರ್ರೋ" ಅಂದರು. ಅವರ ಬಾಯಿಂದ ಆ ಶಬ್ದ ನಾನು ಕೇಳಿರಲಿಲ್ಲ.

ಆಮೇಲೆ ಒಂದು ಶಬ್ದದಲ್ಲಿ ಸಿಕ್ಕಿಹಾಕಿಕೊಂಡಳು. "ಕತಲೆ" ಅಂದಳು. ನಿನ್ನ ಕುರ್ಚಿಯ ಹಿಂದೆಯೇ ಪರದೆಯ ಮರೆಯಲ್ಲಿ ನಾನು ಹೇಳಿಕೊಡಲು ಬಾಯಿ ತೆರೆದಿದ್ದೆ, ನನ್ನ ಉಸಿರು ಕೇಳಿಸಿತೇನೋ, ನೀನು ಕೋಟಿನ ಕೆಳಗಿಂದ ಕೈ ಅಡ್ಡ ಹಿಡಿದೆ. ಕಿವಿ ಅಲ್ಲಾಡಲಿಲ್ಲ. ಅವಳು ಪುಸ್ತಕ ನೋಡಿದಳು, ನಿನ್ನನ್ನು ನೋಡಿದಳು, ಬೆರಳಿಟ್ಟು ಮತ್ತೆ ನೋಡಿದಳು. "ಕತ್ತಲೆ" ಅಂದಳು. ಕೊನೆಯ ಸಾಲಿಗೂ ಕೇಳಿಸಿತು. ಎರಡು ಕಿವಿಯೂ ಒಟ್ಟಿಗೆ ನೆಟ್ಟಗೆ ನಿಂತವು. ಜನ ಎದ್ದು ನಿಂತದ್ದು ಆಮೇಲೆ.

ದೊಡ್ಡ ಮೇಡಂ ಮರುದಿನ, ನಿನ್ನನ್ನು ರೈಲು ಹತ್ತಿಸಿ ಬಂದಮೇಲೆ, ಕರೆಸಿದರು. "ಕೋಣೆ ನಿಂದೇ. ಬ್ಯಾಂಡ್‌ಗೆ ಹಿಂದಿನ ಶೆಡ್ ರಿಪೇರಿ ಮಾಡಿಸ್ಕೊಡ್ತೀನಿ. ಆದ್ರೆ ಅಜ್ಜಿ ಒಳಗೆ ಇದ್ದೋರು ಯಾರು? ಅವ್ರನ್ನ ಯಾಕೆ ವಾಪಸ್ ಕಳಿಸ್ದೆ?" ಅಂದರು. ಅಲ್ಲಿಂದ ಬಂದವಳೇ ಕುಂಚ ಹಿಡಿದು ಈ ಕಾಗದಕ್ಕೆ ಕೂತೆ.

ಮಾವ, ಬಾ. ಮೂಲೆ ಹಿಡಿಯುವುದಕ್ಕಲ್ಲ, ಕುರ್ಚಿ ಹಿಡಿಯುವುದಕ್ಕೆ. ನಮ್ಮಲ್ಲಿ ಓದುವವರು ಬೇಕಾದಷ್ಟಿದ್ದಾರೆ, ಕೇಳುವವರಿಲ್ಲ. ಊಟಕ್ಕೆ ನಿನ್ನನ್ನು ಯಾರೂ ಕರೆಯುವುದಿಲ್ಲ, ಗಂಟೆ ಹೊಡೆದಾಗ ಮಕ್ಕಳ ಜೊತೆ ಸಾಲಿನಲ್ಲಿ ನಿಲ್ಲಬೇಕು. ನನಗೂ ನೀನು ಬೇಕು. ಅದನ್ನು ಕೊನೆಗೆ ಹೇಳುತ್ತಿದ್ದೇನೆ, ಆದರೆ ಅದೇ ಮೊದಲನೆಯದು.

ಬಾಗಿಲಿಗೆ ಬೋರ್ಡ್ ಬರೆಸಬೇಕು. ಕತೆಯಜ್ಜಿಯ ಕೋಣೆ ಎನ್ನಲೇ, ಕತ್ತೆಯಜ್ಜಿಯ ಕೋಣೆ ಎನ್ನಲೇ? ಶಿಕ್ಷಕರಲ್ಲಿ ಎರಡು ಪಂಗಡ ಆಗಿದೆ. ನೀನೇ ಹೇಳು.

ಪಟಾಕಿ


6 ಜನವರಿ

ಪಟಾಕಿ,

ಇಷ್ಟು ದೊಡ್ಡ ಅಕ್ಷರ ಬರೆದಿದ್ದೀ, ಒಂದೇ ಬೆಳಗ್ಗೆ ಓದಿದೆ.

ತಲೆಯೊಳಗೆ ಕತ್ತಲೆ, ಅಂಟಿನ ವಾಸನೆ, ಸೆಕೆ. ನಿಮ್ಮ ಶಿಕ್ಷಕರು ಒಳಗೆ ಏನೂ ಕಾಣುವುದಿಲ್ಲ ಎಂದರಂತೆ. ನನಗೆ ಅಲ್ಲಿ ಬಹಳ ಹಾಯಾಗಿತ್ತು. ಅದರೊಳಗೆ ಹೊಕ್ಕರೆ ಎಲ್ಲರಿಗೂ ಅಷ್ಟೇ ಕಾಣುವುದು. ಆ ಹುಡುಗಿಯ ಮುಖ ಹೇಗಿದೆ ಎಂದು ನನಗೆ ಗೊತ್ತಿಲ್ಲ. ಆದರೆ ಆ ಶಬ್ದ ಹೇಳುವ ಮೊದಲು ಅವಳು ಎಳೆದುಕೊಂಡ ಉಸಿರು ಈಗಲೂ ನನ್ನ ಕಿವಿಯಲ್ಲಿದೆ. ನಾನು ಇಲ್ಲದ ಒತ್ತನ್ನು ಓದಿದವನು, ಅವಳು ಇದ್ದ ಒತ್ತನ್ನು ಬಿಟ್ಟವಳು. ಇಬ್ಬರದೂ ಸರಿಹೋಯಿತು.

ಕುರ್ಚಿಗೆ ಒಂದು ದಿಂಬು ಹಾಕಿಸು, ಹೋದ ಸಲ ಬೆನ್ನು ನೋವು ಬಂತು. ನಿಲ್ದಾಣಕ್ಕೆ ನೀನೊಬ್ಬಳೇ ಬಾ, ಅಜ್ಜಿಯನ್ನು ಕರೆತರಬೇಡ. ಗಂಟುಮೂಟೆ ನಾನೇ ಕಟ್ಟಿದ್ದೇನೆ. ಖಾಲಿ ಹಾಳೆ ಮೇಲೆಯೇ ಇದೆ, ಪಿಸುಮಾತಿಗೆ ಏನಾದರೂ ಬರೆಯಬೇಕು ಅನ್ನಿಸಿದರೆ ವಾಪಸ್ ಕೊಡುತ್ತೇನೆ.

ಬೋರ್ಡಿನಲ್ಲಿ ಒತ್ತು ಇರಲಿ. ದೊಡ್ಡದಾಗಿ ಬರೆಸು, ಬಾಗಿಲ ಹತ್ತಿರ ಬಂದಾಗ ನನಗೆ ಕಾಣಬೇಕು.

ಮಾವ